ಕತ್ತಲಾದ ಮಾನಿಟರಿಗೆ ಎಲ್‌ಇಡಿ ಬೆಳಕು

ಗಂಗಾವತಿಯ ಅಕ್ಕಿ ಗಿರಣಿಗಳ ಕಾಟಾ ಕೋಣೆಗಳಿಂದ ನನ್ನ ರಿಪೇರಿ ಅಂಗಡಿಗೆ ಬರುವ ಹಳೆಯ ಎಲ್‌ಸಿಡಿ ಮಾನಿಟರುಗಳ ದೂರು ಬಹುತೇಕ ಒಂದೇ: “ಆನ್ ಮಾಡಿದ ಕೂಡ್ಲೆ ಬೆಳಕು ಬಂದು ಹೋಗಿಬಿಡ್ತೈತ್ರಿ.” ಇಂಥ ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದಾಗ ಲಾರಿ ನಂಬರು, ತೂಕದ ಅಂಕಿಗಳು ಮಸುಕಾಗಿ ಕಂಡರೆ ಪ್ಯಾನೆಲ್ ಸರಿಯಿದೆ, ಕೆಟ್ಟಿರುವುದು ಹಿಂದಿನ ಬೆಳಕು ಮಾತ್ರ.

ಆ ಬೆಳಕು ಕೊಡುವುದು ಸಿಸಿಎಫ್‌ಎಲ್ ಎಂಬ, ಪೆನ್ಸಿಲಿಗಿಂತ ತೆಳ್ಳಗಿನ ಗಾಜಿನ ಕೊಳವೆ. ಟ್ಯೂಬ್‌ಲೈಟಿನಲ್ಲಿರುವಂತೆಯೇ ಇದರಲ್ಲೂ ಪಾದರಸದ ಆವಿ ಸೂಸುವ ನೇರಳಾತೀತ ಕಿರಣವನ್ನು ಒಳಗಿನ ಫಾಸ್ಫರ್ ಲೇಪ ಬಿಳಿ ಬೆಳಕಾಗಿಸುತ್ತದೆಯಾದರೂ, ಬಿಸಿಯಾಗುವ ಫಿಲಮೆಂಟು ಇಲ್ಲದ್ದರಿಂದ ಮಾನಿಟರಿನೊಳಗಿನ ಇನ್ವರ್ಟರ್ ಎಂಬ ಸರ್ಕ್ಯೂಟು ಕಡಿಮೆ ವೋಲ್ಟಿನ ಡಿಸಿಯನ್ನು ನೂರಾರು ವೋಲ್ಟಿನ ಎಸಿಯಾಗಿಸಬೇಕು. ಹೊತ್ತಿಕೊಳ್ಳುವ ಕ್ಷಣಕ್ಕೆ ಅದು ಸಾವಿರ ದಾಟುತ್ತದೆ. ಮಾನಿಟರಿನಲ್ಲಿರುವ ಇಂಥ ಹಲವು ದೀಪಗಳಲ್ಲಿ ಒಂದು ಸೋತರೂ ರಕ್ಷಣಾ ಸರ್ಕ್ಯೂಟು ಎಲ್ಲವನ್ನೂ ಆರಿಸಿಬಿಡುತ್ತದೆ. ಬೆಳಕು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಕೊಳವೆಯ ತುದಿಗಳು ಕಪ್ಪಾಗಿದ್ದರೆ ದೀಪ ಮುಗಿದಂತೆ. ಸಂಶಯವಿದ್ದಾಗ ಚೆನ್ನಾಗಿರುವ ದೀಪವೊಂದನ್ನು ಒಂದೊಂದೇ ಸಾಕೆಟ್ಟಿಗೆ ಹಾಕಿ ನೋಡುತ್ತೇನೆ.

ಹೊಸ ಕೊಳವೆ ಹುಡುಕುವ ಬದಲು ನಾನು ಎಲ್‌ಇಡಿ ಪಟ್ಟಿಯನ್ನೇ ಹಾಕುತ್ತೇನೆ. ಒಳಗಿನ ಭಾಗಗಳನ್ನು ಬಿಚ್ಚುವ ಮುನ್ನ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರನ್ನು ಖಾಲಿ ಮಾಡಲೇಬೇಕು, ಅದರಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಗಿರಣಿಯ ಮಾನಿಟರಿನೊಳಗೆ ತೌಡಿನ ದೂಳು ಮೆತ್ತಿರುವುದರಿಂದ ಹೊರಗೆಲ್ಲ ಒರೆಸಿಕೊಂಡ ಮೇಲೆ ಫ್ಯಾನು ನಿಲ್ಲಿಸಿ ಪ್ಯಾನೆಲ್ ತೆರೆಯುತ್ತೇನೆ. ಬೆಳಕು ಹರಡುವ ಹಾಳೆಗಳ ನಡುವೆ ಒಂದು ಕಣ ಸೇರಿದರೂ ಪರದೆಯ ಮೇಲೆ ಚುಕ್ಕೆಯಾಗಿ ನಿಲ್ಲುತ್ತದೆ. ಹಾಳೆಗಳ ಕ್ರಮವಾಗಲಿ ಮಗ್ಗುಲಾಗಲಿ ಬದಲಾಗಬಾರದು. ಪಟ್ಟಿಯನ್ನು ಗುರುತಿದ್ದಲ್ಲೇ ಕತ್ತರಿಸಿ, ಎಲ್‌ಇಡಿಗಳು ಬೆಳಕನ್ನು ಪರದೆಯುದ್ದಕ್ಕೂ ಒಯ್ಯುವ ಅಕ್ರಿಲಿಕ್ ಫಲಕದ ಅಂಚಿಗೆ ನೇರವಾಗಿ ಎದುರಾಗುವಂತೆ ಕೂರಿಸಬೇಕು, ಇಲ್ಲವಾದರೆ ಅಂಚಿನುದ್ದಕ್ಕೂ ಬೆಳಕಿನ ಪಟ್ಟೆಗಳು ಮೂಡುತ್ತವೆ.

ಎಲ್‌ಇಡಿ ಪಟ್ಟಿಯನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ಬೋರ್ಡಿನ ವಿದ್ಯುತ್ ತಂತಿ ಮತ್ತು ಗ್ರೌಂಡನ್ನು ಪವರ್ ಬೋರ್ಡಿನಿಂದ, ಆನ್-ಆಫ್ ಹಾಗೂ ಡಿಮ್ ಸಂಕೇತಗಳನ್ನು ಮೊದಲು ಇನ್ವರ್ಟರಿಗೆ ಹೋಗುತ್ತಿದ್ದ ತಂತಿಗಳಿಂದಲೇ ಪಡೆಯಬೇಕು. ಕೆಲವರು ಆನ್ ತಂತಿಯನ್ನು ನೇರ ಸಪ್ಲೈಗೆ ಬೆಸೆದುಬಿಡುತ್ತಾರೆ, ಆಗ ಕಂಪ್ಯೂಟರ್ ಮಲಗಿದರೂ ಪರದೆಯ ಬೆಳಕು ಆರುವುದಿಲ್ಲ. ಹಳೆಯ ಇನ್ವರ್ಟರಿನ ಸಪ್ಲೈ ಕಡಿದುಹಾಕುವುದೂ ಅಷ್ಟೇ ಮುಖ್ಯ.

ತೆಗೆದ ಕೊಳವೆಗಳನ್ನು ಒಡೆಯದಂತೆ ಸುತ್ತಿ, ಇ-ತ್ಯಾಜ್ಯದವರಿಗೆ ಕೊಡುತ್ತೇನೆ. ಪ್ರತಿಯೊಂದರಲ್ಲೂ ಪಾದರಸವಿರುವುದು ಮಿಲಿಗ್ರಾಂ ಲೆಕ್ಕದಲ್ಲಿ. ಆದರೂ ಪಾದರಸದ ಬಳಕೆ ತಗ್ಗಿಸುವ 2013ರ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದ 500 ಮಿಲಿಮೀಟರಿನವರೆಗಿನ ದೀಪಕ್ಕೆ 3.5 ಮಿಲಿಗ್ರಾಂ ಮಿತಿ ಹಾಕಿತ್ತು, ಮುಂದೆ ಪರದೆಗಳಿಗೆ ಬಳಸುವ ಇಂಥ ಎಲ್ಲ ದೀಪಗಳ ತಯಾರಿಕೆಗೂ 2025ರ ಗಡುವು ವಿಧಿಸಲಾಯಿತು.

ಹೊಸ ಬೆಳಕು ತುಸು ನೀಲಿಯೆನಿಸುವುದು ಸಹಜ. ಮೆನುವಿನಲ್ಲಿ ನೀಲಿ ಬಣ್ಣವನ್ನೂ ಬೆಳಕಿನ ಪ್ರಖರತೆಯನ್ನೂ ಇಳಿಸಿಯೇ ಮಾನಿಟರನ್ನು ಗಿರಣಿಗೆ ಕಳುಹಿಸುತ್ತೇನೆ.