ಕುಕು, ದಾದ, ಮಾಮಾ: ಟಾಂಜಾನಿಯಾದಲ್ಲಿ ನನ್ನ ಮೊದಲ ವರ್ಷ

ಬಂದ ರಾತ್ರಿ ಊಟಕ್ಕೆ ಕೂತಾಗ ಅಡುಗೆಯಾಕೆ ಒಂದು ಪಾತ್ರೆ ತಂದು ಮುಂದಿಟ್ಟು "ಕುಕು" ಅಂದರು. ನನ್ನ ಬಾಯಲ್ಲಿ ನೀರೂರಿತು. ತುಳುವಿನಲ್ಲಿ ಕುಕ್ಕು ಅಂದರೆ ಮಾವು. ಎರಡು ದಿನದ ಪ್ರಯಾಣದಲ್ಲಿ ಬಾಯಿ ಕೆಟ್ಟು ಹೋಗಿತ್ತು. ಒಂದು ಹೋಳು ಉಪ್ಪಿನಕಾಯಿ ಸಿಕ್ಕರೆ ಸಾಕಿತ್ತು. ಮುಚ್ಚಳ ತೆಗೆದರೆ ಕೋಳಿ. ಸ್ವಾಹಿಲಿಯಲ್ಲಿ ಕುಕು ಅಂದರೆ ಕೋಳಿಯಂತೆ.

ಮಾರನೇ ದಿನ ರಸ್ತೆಯಲ್ಲಿ ಯಾರೋ ಹಿಂದಿನಿಂದ "ದಾದ, ದಾದ" ಅಂತ ಕರೆದರು. ತುಳುವಿನಲ್ಲಿ ದಾದ ಅಂದರೆ ಏನು. ಏನು ಅಂತ ಕೇಳಬೇಕಾದವಳು ನಾನು, ಇವರೇ ನನ್ನನ್ನು ಕೇಳುತ್ತಿದ್ದಾರಲ್ಲ ಅಂದುಕೊಂಡೆ. ಅಲ್ಲಿ ದಾದ ಅಂದರೆ ಅಕ್ಕ. ಇನ್ನು ಅಡುಗೆಯಾಕೆಯನ್ನು ಮಾಮಾ ಅನ್ನಬೇಕು. ಅವರಿಗೆ ಅದು ಅಮ್ಮ, ನನ್ನ ನಾಲಿಗೆಗೆ ಸೋದರಮಾವ. ಒಂದು ವಾರ ಆಕೆಯನ್ನು ಕರೆಯದೆ, ಸುಮ್ನೆ ಕೆಮ್ಮಿಯೇ ಕೆಲಸ ಸಾಗಿಸಿದೆ.

ನಾನು ಬೆಳ್ತಂಗಡಿ ಕಡೆಯವಳು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನರ್ಸಿಂಗ್ ಓದಿ ಕಾನ್ವೆಂಟ್ ಸೇರಿದೆ. 27ನೇ ವಯಸ್ಸಿಗೆ ಟಾಂಜಾನಿಯಾಕ್ಕೆ ಹೋಗು ಅಂದರು. ಮ್ವಾಂಜಾ ಪಟ್ಟಣದಿಂದ ಬಸ್ಸಿನಲ್ಲಿ ಕೆಲವು ಗಂಟೆ ದೂರದ ಹಳ್ಳಿ. ಅಲ್ಲಿ ನಮ್ಮ ಸಿಸ್ಟರ್‌ಗಳು ನಡೆಸುವ ಚಿಕ್ಕ ದವಾಖಾನೆ.

ಹೋಗುವಾಗ ಸೂಟ್‌ಕೇಸಿನಲ್ಲಿ ಬಿಪಿ ಮೆಷಿನ್, ಎರಡು ಸ್ಟೆತೋಸ್ಕೋಪ್, ದಪ್ಪ ದಪ್ಪ ಪುಸ್ತಕ ತುಂಬಿಕೊಂಡಿದ್ದೆ. ಇಳಿದ ಮರುದಿನದಿಂದಲೇ ಕೆಲಸ ಶುರು ಅಂತ ನನ್ನ ಲೆಕ್ಕ. ಆದರೆ ಆ ದೇಶದಲ್ಲಿ ನರ್ಸ್ ಕೆಲಸ ಮಾಡಲು ಬೇಕಾದ ಕಾಗದ ಬರಲು ತಿಂಗಳುಗಟ್ಟಲೆ ತಡವಾಯಿತು. ಅದು ಬರುವ ತನಕ ರೋಗಿಯ ಕೈ ಮುಟ್ಟುವ ಹಾಗಿಲ್ಲ. ನಮ್ಮ ಸುಪೀರಿಯರ್, ಅಂದರೆ ಕಾನ್ವೆಂಟಿನ ಹಿರಿಯ ಸಿಸ್ಟರ್, ಕೇರಳದವರು, ಅಲ್ಲಿ 20 ವರ್ಷ ಕಳೆದವರು. "ಒಳ್ಳೆಯದೇ ಆಯಿತು. ಹೋಗಿ ಭಾಷೆ ಕಲಿ" ಅಂದರು. ನನಗೆ ಆಗ ಅವರ ಮೇಲೆ ತುಂಬ ಸಿಟ್ಟು ಬಂದಿತ್ತು.

ಭಾಷೆ ಕಲಿಯಲು ನಾಲ್ಕು ತಿಂಗಳು ಮುಸೋಮಾಕ್ಕೆ ಕಳಿಸಿದರು. ವಿಕ್ಟೋರಿಯಾ ಸರೋವರದ ದಂಡೆಯ ಊರು. ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ, ಉಳ್ಳಾಲದಲ್ಲಿ ನಿಂತ ಹಾಗೇ. ಆದರೆ ಉಪ್ಪಿನ ವಾಸನೆ ಇಲ್ಲ. ಮೊದಲ ದಿನವೇ ಕಾಲು ತೊಳೆಯಲು ನೀರಿಗಿಳಿಯಲು ಹೋದೆ. ಟೀಚರ್ ಓಡಿ ಬಂದು ತಡೆದರು. ಆ ನೀರಿನ ಬಸವನಹುಳುಗಳಿಂದ ಕಿಚೋಚೋ ಅನ್ನುವ ಕಾಯಿಲೆ ಬರುತ್ತದೆ. ಬಸವನಹುಳುವಿನೊಳಗೆ ಬೆಳೆಯುವ ಬೇರೊಂದು ಹುಳುವಿನ ಮರಿಗಳು ನಮ್ಮ ಚರ್ಮದೊಳಗೇ ನುಗ್ಗುತ್ತವೆ. ನಾನು ಓದಿದ ಪುಸ್ತಕದಲ್ಲಿ ಅದಕ್ಕೆ ಬಿಲ್ಹಾರ್ಜಿಯಾ ಅಂತ ಹೆಸರಿತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಕಾಲಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಸ್ವಾಹಿಲಿ ನನಗೆ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಅದಕ್ಕೆ ಕನ್ನಡವೇ ಕಾರಣ. ನಾವು ಬಾಲಕ್ಕೆ ಕಟ್ಟುವುದನ್ನೆಲ್ಲ ಅವರು ತಲೆಗೆ ಕಟ್ಟುತ್ತಾರೆ, ಅಷ್ಟೇ. 'ಬರುತ್ತೇನೆ' ಅನ್ನುವಾಗ ಬರುವುದು ಮೊದಲು, 'ನಾನು' ಕೊನೆಗೆ. 'ನಿತಕುಜಾ' ಅನ್ನುವಾಗ 'ನಿ' ಅಂದರೆ ನಾನು, 'ತ' ಅಂದರೆ ಮುಂದೆ, 'ಕುಜಾ' ಅಂದರೆ ಬರುವುದು. ತಿರುಗಿಸಿ ಹಿಡಿದರೆ ನಮ್ಮದೇ. ಜೊತೆಗಿದ್ದ ಯುರೋಪಿನ ಇಬ್ಬರು ಇದಕ್ಕೇ ಒದ್ದಾಡುತ್ತಿದ್ದರು.

ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ಆದರೆ ಆ ನಾಲ್ಕು ತಿಂಗಳಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೇ. ಹಸುವಿಗೆ ಅವರು ಹೇಳುವ ಪದ ಮೂಗಿನಿಂದ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಎನ್, ಜಿ, ಮೇಲೊಂದು ಚುಕ್ಕಿ, ಏನೇನೋ. ಕನ್ನಡದಲ್ಲಿ ಸೀದಾ 'ಙೊಂಬೆ'. ಮನೆ ಅಂದರೆ 'ಞುಂಬಾ'. ಒಂದನೇ ಕ್ಲಾಸಿನಲ್ಲಿ ಕಂಠಪಾಠ ಮಾಡಿ ಮರೆತ ಙ, ಞ ಎರಡಕ್ಕೂ ಮೊದಲ ಸಲ ಕೆಲಸ ಸಿಕ್ಕಿತು.

ಆಗಾಗ ಕಿಟ್ಟೆಲ್ ನೆನಪಾಗುತ್ತಿದ್ದರು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕಿಟ್ಟೆಲ್ 1853ರಲ್ಲಿ ಬಂದಾಗ ಅವರಿಗೆ 21 ವರ್ಷ, ನನಗಿಂತ ಚಿಕ್ಕವರು. ನಿಘಂಟು ಹೊರಬಂದದ್ದು 1894ರಲ್ಲಿ. ನಾವು ಆ ನಿಘಂಟನ್ನು ನೋಡುತ್ತೇವೆ. ಅವರು ಮೊದಲ ಸಲ ತಪ್ಪು ತಪ್ಪಾಗಿ ಕನ್ನಡ ಮಾತಾಡಿದಾಗ ನಕ್ಕವರು ಯಾರಿರಬಹುದು? ನಮ್ಮ ಕಡೆಯವರೇ ಅಲ್ವಾ.

ಹಳ್ಳಿಗೆ ವಾಪಸ್ ಬಂದ ಮೇಲೆ ನಿಜವಾದ ಪಾಠ ಶುರುವಾಯಿತು. ಅಲ್ಲಿ ಹತ್ತಿಪ್ಪತ್ತು ಮನೆಗಳಿಗೆ ಒಂದು ಜುಮುಇಯಾ. ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಾರೆ. ಊರಿನಲ್ಲಿ ನಮ್ಮ ಚರ್ಚಿನ ವಾರ್ಡಿನವರು ಸೇರುತ್ತಾರಲ್ಲ, ಅದೇ ಥರ. ಈ ಸಲ ಇಂಥವರ ಮನೆಯಲ್ಲಿ, 'ಸಾ ಕುಮಿ'ಗೆ ಅಂದರು. ಕುಮಿ ಅಂದರೆ ಹತ್ತು, ನನಗೆ ಗೊತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ "ಹೋಡಿ" ಅಂತ ಕೂಗಿದೆ. ಹೋಡಿ ಅನ್ನದೆ ಯಾರ ಅಂಗಳಕ್ಕೂ ಕಾಲಿಡುವ ಹಾಗಿಲ್ಲ. "ಕರಿಬು" ಅಂತ ಒಳಗಿಂದ ಉತ್ತರ ಬಂತು.

ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಒಬ್ಬ ಬೀಬಿ, ಅಂದರೆ ಅಜ್ಜಿ, ಚಾಪೆ ಮೇಲೆ ಕೂತು ನೆಲಗಡಲೆ ಸುಲಿಯುತ್ತಿದ್ದರು. ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗ. ನಾನು "ಹಬಾರಿ" ಅಂದೆ, ಹೇಗಿದ್ದೀರಿ ಅಂತ. ಬೀಬಿ ಏನೂ ಹೇಳದೆ ನನ್ನ ಮುಖ ನೋಡುತ್ತ ಕೂತರು. ಅಷ್ಟರಲ್ಲಿ ಆ ಹುಡುಗ ನನಗೆ "ಶಿಕಮೋ" ಅಂದ. ಗೌರವದ ಮಾತು ಅಂತ ಕ್ಲಾಸಿನಲ್ಲಿ ಕಲಿತಿದ್ದೆ. ಅವನಿಗೆ ನಾನೂ "ಶಿಕಮೋ" ಅಂದೆ.

ಬೀಬಿ ನಗುತ್ತಾ ನಗುತ್ತಾ ಕಡಲೆಯೆಲ್ಲ ಚೆಲ್ಲಿಬಿಟ್ಟರು.

ಶಿಕಮೋ ಅಂದರೆ ಮೂಲದಲ್ಲಿ 'ನಿಮ್ಮ ಕಾಲು ಹಿಡಿಯುತ್ತೇನೆ' ಅಂತ. ಚಿಕ್ಕವರು ದೊಡ್ಡವರಿಗೆ ಹೇಳಬೇಕು, ದೊಡ್ಡವರು "ಮರಹಬಾ" ಅನ್ನಬೇಕು. ನಾನು ನಾಲ್ಕು ವರ್ಷದ ಹುಡುಗನ ಕಾಲು ಹಿಡಿದಿದ್ದೆ, ಅವನ ಅಜ್ಜಿಗೆ ಬರೀ "ಏನ್ ಸಮಾಚಾರ" ಅಂದಿದ್ದೆ. ಬೀಬಿ ನನ್ನನ್ನು ಅಂಗಳದ ತುದಿಗೆ ವಾಪಸ್ ಕಳಿಸಿದರು. ಮತ್ತೆ ಹೋಡಿ, ಮತ್ತೆ ಕರಿಬು. ನಾನು "ಶಿಕಮೋ ಬೀಬಿ" ಅಂದೆ. "ಮರಹಬಾ" ಅಂತ ಅವರು ಎಳೆದು ಹೇಳಿದ ರೀತಿಗೇ ಆಶೀರ್ವಾದ ಸಿಕ್ಕ ಹಾಗಾಯಿತು. ಹುಡುಗನಿಗೂ ಮೂರು ಸಲ ಹೇಳಿಸಿ ನನ್ನಿಂದ ಮರಹಬಾ ಅನ್ನಿಸಿದರು.

ಜುಮುಇಯಾ ಇದ್ದದ್ದು ಸಂಜೆ ನಾಲ್ಕಕ್ಕೆ. ಅಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ನಾಲ್ಕು ಅವರಿಗೆ ಹತ್ತು. ಕ್ಲಾಸಿನಲ್ಲಿ ಇದನ್ನೂ ಹೇಳಿಕೊಟ್ಟಿದ್ದರು. ಆದರೆ ತಲೆ ಹಳೇ ಗಡಿಯಾರವನ್ನೇ ನೋಡುತ್ತದೆ. ಆಮೇಲೆ ಒಂದು ಉಪಾಯ ಹಿಡಿದೆ. ಮುಳ್ಳಿನ ಗಡಿಯಾರದಲ್ಲಿ ಚಿಕ್ಕ ಮುಳ್ಳು ತೋರಿಸುವ ಅಂಕೆಯ ಎದುರಿನ ಅಂಕೆ ಓದಿದರೆ ಅದೇ ಸ್ವಾಹಿಲಿ ಗಂಟೆ. ಏಳರ ಎದುರು ಒಂದು. ನಾಲ್ಕರ ಎದುರು ಹತ್ತು. ಮೊಬೈಲ್ ಬಿಟ್ಟು ಕೈಗಡಿಯಾರ ಕಟ್ಟಲು ಶುರು ಮಾಡಿದ್ದು ಇದಕ್ಕೇ.

ಆ ದಿನ ನಾಲ್ಕರ ತನಕ ಅಲ್ಲೇ ಕೂತು ಕಡಲೆ ಸುಲಿದೆ. ಮಧ್ಯಾಹ್ನ ಉಗಾಲಿ, ಡಗಾ ಕೊಟ್ಟರು. ಉಗಾಲಿ ಅಂದರೆ ಜೋಳದ ಹಿಟ್ಟಿನ ಬಿಳಿ ಮುದ್ದೆ, ನಮ್ಮ ಮುಸುಕಿನ ಜೋಳ. ಸಿಸ್ಟರ್ ಆಗುವ ಮೊದಲು ತರಬೇತಿಗೆ ಇದ್ದ ಮೈಸೂರಿನ ನೊವಿಷಿಯೇಟ್‌ನಲ್ಲಿ ರಾಗಿಮುದ್ದೆ ನುಂಗುವುದನ್ನು ಕಷ್ಟಪಟ್ಟು ಕಲಿತಿದ್ದೆ. ಇಲ್ಲೂ ಹಾಗೇ ನುಂಗಿದೆ. ಬೀಬಿ ಗಾಬರಿಯಾದರು. ಇದನ್ನು ಅಗಿಯಬೇಕಂತೆ! ಡಗಾ ಮಾತ್ರ ಯಾರೂ ಕಲಿಸಬೇಕಾಗಲಿಲ್ಲ. ಸರೋವರದ ಬೆರಳುದ್ದದ ಮೀನು, ಬಿಸಿಲಲ್ಲಿ ಒಣಗಿಸಿದ್ದು. ಬೇರೆ ದೇಶದವರು ಮೂಗು ಮುಚ್ಚುವ ಆ ವಾಸನೆಗೆ ನನಗೆ ಮಳೆಗಾಲದ ನಮ್ಮ ಮನೆಯ ಅಟ್ಟ ನೆನಪಾಯಿತು.

ಬೀದಿಯಲ್ಲಿ ಮಕ್ಕಳು ನನ್ನನ್ನು "ಮ್ಹಿಂದಿ" ಅಂತ ಕೂಗುತ್ತಿದ್ದರು, ಭಾರತದವಳು ಅಂತ. ಅಲ್ಲಿನ ಪಟ್ಟಣಗಳಲ್ಲಿ ತಲೆಮಾರುಗಳಿಂದ ಗುಜರಾತಿಗಳ ಅಂಗಡಿಗಳಿವೆ. ದುಕಾ, ಗಾರಿ, ಪೆಸಾ, ಲಾಕಿ, ಚಪಾತಿ, ಇವೆಲ್ಲ ಆ ಹಳೇ ನಂಟಿನಿಂದ ಸ್ವಾಹಿಲಿಗೆ ಬಂದ ಪದಗಳು. ಹಾಗಾಗಿ ಮ್ಹಿಂದಿ ಅಂದರೆ ಅಂಗಡಿಯವರು. ಒಬ್ಬ ಯಜಮಾನರು "ನಿಮ್ಮ ದುಕಾ ಎಲ್ಲಿದೆ?" ಅಂತ ಕೇಳಿದರು. ಇಲ್ಲ ಅಂದೆ. ಅವರು ನಂಬಲಿಲ್ಲ, ಮುಂದಿನ ತಿಂಗಳು ಮತ್ತೆ ಕೇಳಿದರು.

ಮಲೇರಿಯಾ ಬಂದದ್ದು ಏಳನೇ ತಿಂಗಳಲ್ಲಿ. ಸೊಳ್ಳೆಪರದೆಯೊಳಗೇ ಮಲಗುತ್ತಿದ್ದೆ, ಆದರೆ ಸಂಜೆ ಅಂಗಳದಲ್ಲಿ ಕೂರುತ್ತಿದ್ದೆನಲ್ಲ. 'ಮ್ಸೆಟೊ' ಅನ್ನುವ ಮಿಶ್ರ ಮಾತ್ರೆ ಕೊಟ್ಟರು, ನಾಲ್ಕು ನಾಲ್ಕರಂತೆ ಆರು ಸಲ, ಮೂರು ದಿನಕ್ಕೆ 24. ಜಿಡ್ಡಿನ ಜೊತೆ ತಗೊಂಡರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ ಅಂತ ಸುಪೀರಿಯರ್ ಪ್ರತಿ ಸಲ ಕೆನೆಹಾಲು ತಂದು ನಿಲ್ಲುತ್ತಿದ್ದರು. ಊರಿನ ಹೆಂಗಸರು ಬಂದು "ಪೋಲೆ ಸಾನಾ" ಅಂದು ಸುಮ್ಮನೆ ಕೂತು ಹೋಗುತ್ತಿದ್ದರು. ಪೋಲೆಗೆ ಕನ್ನಡದಲ್ಲಿ ಒಂದೇ ಪದ ಹುಡುಕಬೇಡಿ. ಕಲ್ಲು ಎಡವಿದರೂ ಪೋಲೆ, ಬಸ್ಸಿನಿಂದ ಇಳಿದರೂ ಪೋಲೆ, ಪಾತ್ರೆ ತೊಳೆಯುತ್ತಿದ್ದರೂ ಪೋಲೆ. 'ಪಾಪ, ಸುಸ್ತಾಯ್ತಲ್ಲ' ಅನ್ನುವುದಕ್ಕೆ ಹತ್ತಿರ.

ಅದೇ ವರ್ಷ ಸೆಪ್ಟೆಂಬರಿನಲ್ಲಿ, ಮೊಂತಿ ಹಬ್ಬ, ಅಂದರೆ ಮರಿಯಮ್ಮನವರ ಹುಟ್ಟಿದ ಹಬ್ಬ, ಕಳೆದ ವಾರ, ಊರಿನಿಂದ ಫೋನ್ ಬಂತು. ನಮ್ಮ ಅಜ್ಜಿ ತೀರಿಕೊಂಡಿದ್ದರು. ಹೋಗುವ ಮಾತೇ ಇರಲಿಲ್ಲ. ಹೋದರೂ ಮಣ್ಣು ಹಾಕುವ ಹೊತ್ತಿಗೆ ತಲುಪುತ್ತಿರಲಿಲ್ಲ. ನಾನು ಸುಪೀರಿಯರ್‌ಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹಳ್ಳಿಯವರ ಮುಂದೆ ಅಳುವುದು ಬೇಡ, ಗಟ್ಟಿಯಾಗಿ ಕಾಣಬೇಕು ಅಂತ ಒಂದು ಹುಚ್ಚು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ "ಹೋಡಿ". ಹನ್ನೊಂದು ಹೆಂಗಸರು, ಎಲ್ಲರ ಸೊಂಟಕ್ಕೂ ಕಾಂಗಾ ಬಟ್ಟೆ, ಮುಂದೆ ಆ ಬೀಬಿ. ಚಾಪೆ ಅವರೇ ತಂದಿದ್ದರು, ಹಾಸಿ ಕೂತರು. ಜಾಸ್ತಿ ಮಾತಿಲ್ಲ. ಅಜ್ಜಿಗೆ ಎಷ್ಟು ವಯಸ್ಸು ಅಂದರು. ಎಷ್ಟು ಮೊಮ್ಮಕ್ಕಳು ಅಂದರು. ನಾನು 19 ಅಂದಾಗ ತಲೆದೂಗಿದರು. ಹೋಗುವ ಮೊದಲು ಒಬ್ಬರು ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ ನನ್ನ ಕೈಗಿಟ್ಟರು. ಮೇಲೆ 'ಸಿಸ್ಟರ ಅಜ್ಜಿ' ಅಂತ ಸ್ವಾಹಿಲಿಯಲ್ಲಿ ಬರೆದಿತ್ತು. ಕೆಳಗೆ ಹೆಸರುಗಳು, ಮುಂದೆ ಮೊತ್ತ. 500, 1000, 200, 2000. ಒಂದು ಹೆಸರಿನ ಮುಂದೆ 'ಮೊಟ್ಟೆ 3'. ಒಟ್ಟು 14,500 ಶಿಲ್ಲಿಂಗ್. ಇದಕ್ಕೆ ರಂಬಿರಂಬಿ ಅನ್ನುತ್ತಾರೆ, ಸಾವಿನ ಮನೆಗೆ ಕೊಡುವ ಕೈಕಾಸು.

ನಾನು ವಾಪಸ್ ಕೊಡಲು ಹೊರಟೆ. ದವಾಖಾನೆಯಲ್ಲಿ ಮಾತ್ರೆಗೆ 500 ಹೊಂದಿಸಲು ಇವರು ಪಡುವ ಪಾಡು ನೋಡಿದ್ದೆ. ಸುಪೀರಿಯರ್ ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ, ಮೆಲ್ಲಗೆ, "ಕೊಟ್ಟರೆ ನಿನ್ನ ಅಜ್ಜಿಯನ್ನು ಇಲ್ಲಿಂದ ಹೊರಗೆ ಹಾಕಿದ ಹಾಗೆ" ಅಂದರು. ಇಟ್ಟುಕೊಂಡೆ. ಆ ಹಾಳೆ ಈಗಲೂ ನನ್ನ ಪ್ರಾರ್ಥನೆ ಪುಸ್ತಕದಲ್ಲಿದೆ.

ಕೆಲಸದ ಕಾಗದ ಬಂದದ್ದು ಅದಾಗಿ ಎರಡು ತಿಂಗಳಿಗೆ. ದವಾಖಾನೆಯಲ್ಲಿ ಮೊದಲ ದಿನ ಸಾಲಿನಲ್ಲಿದ್ದ ಅರ್ಧ ಜನ ನನಗೆ ಗೊತ್ತಿದ್ದವರೇ. ಯಾರ ಮನೆಯಲ್ಲಿ ಯಾರು ಕೆಮ್ಮುತ್ತಾರೆ, ಯಾವ ಸೊಸೆ ಮಾತ್ರೆ ನುಂಗದೆ ಬಚ್ಚಿಡುತ್ತಾಳೆ, ಎಲ್ಲ ಕಡಲೆ ಸುಲಿಯುತ್ತಾ ಕೇಳಿದ್ದೆ. ಈಗ ಊರಿನಲ್ಲಿ ಯಾರು ಹೋದರೂ ನನ್ನ ಪಾಲು 1000. ಪಟ್ಟಿಯಲ್ಲಿ 'ಸಿಸ್ಟಾ ಮ್ಹಿಂದಿ' ಅಂತ ಬರೆಯುತ್ತಾರೆ.

ಇದು ನನ್ನ ಮೂರನೇ ವರ್ಷ. ಹೋದ ತಿಂಗಳು ಶಿವಮೊಗ್ಗ ಕಡೆಯ ಒಬ್ಬ ಹೊಸ ಸಿಸ್ಟರ್ ಬಂದಿದ್ದಾಳೆ. ತುಂಬ ಚುರುಕು, ಲ್ಯಾಪ್‌ಟಾಪಿನಲ್ಲಿ ಆರು ತಿಂಗಳ ಯೋಜನೆ ಮಾಡಿಕೊಂಡೇ ಬಂದಿದ್ದಾಳೆ. ನಾಳೆ ಬೀಬಿಯ ಮನೆಯಲ್ಲಿ ಜುಮುಇಯಾ, ಸಾ ಕುಮಿಗೆ. "ಅಕ್ಕಾ, ಹತ್ತು ಗಂಟೆಗಲ್ವಾ?" ಅಂತ ಕೇಳಿದಳು. ಹೌದು, ಸಾ ಕುಮಿ ಅಂದರೆ ಹತ್ತೇ, ನೀನು ಮುಂದೆ ಹೋಗಿರು ಅಂದೆ.