ಪಿಎಸ್4 ಆಟದ ಸೇವ್ ಪಿಎಸ್5ಗೆ ತಂದದ್ದು ಹೀಗೆ

ಪಿಎಸ್4ನ (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನು ಪಿಎಸ್5ರ ಹಿಂದೆ ಚುಚ್ಚಿದೆ. ಆಟಗಳೆಲ್ಲ ಕಂಡವು, ಆದರೆ ಪ್ರತಿಯೊಂದೂ ಮೊದಲಿನಿಂದಲೇ ಶುರು. ಅಳಿಸಿ ಮತ್ತೆ ಇಳಿಸಿದರೂ ಅಷ್ಟೇ. ಶಿರಸಿ ಮಳೆಗಾಲದ ನೆಟ್‌ನಲ್ಲಿ ಅದೇ ಒಂದು ಶಿಕ್ಷೆ ಅಲ್ವಾ! ಸೇವ್ (ಎಲ್ಲಿವರೆಗೆ ಆಡಿದ್ದೇವೆ ಎಂಬ ದಾಖಲೆ) ಕ್ಲೌಡ್ ಮೂಲಕ, ಅಂದರೆ ನೆಟ್‌ನಲ್ಲಿಟ್ಟು, ತರಲು ಪಿಎಸ್ ಪ್ಲಸ್ ಚಂದಾ ಬೇಕು, ಸುಮ್ನೆ ಇದಕ್ಕೋಸ್ಕರ ಯಾರು ಕಟ್ಟುತ್ತಾರೆ?

ಆ ಡಿಸ್ಕ್‌ನಲ್ಲಿರುವುದು ಆಟ ಮಾತ್ರ. ಸೇವ್ ಪಿಎಸ್4ನ ಒಳಗೇ ಉಳಿಯುತ್ತದೆ. ಎಕ್ಸ್‌ಫ್ಯಾಟ್ (exFAT) ಆಗಿ ಫಾರ್ಮ್ಯಾಟ್ ಮಾಡಿದ ಬೇರೆ ಪೆನ್‌ಡ್ರೈವ್ ತಗೊಳ್ಳಿ. ಪಿಎಸ್4ನಲ್ಲಿ ಸೆಟ್ಟಿಂಗ್ಸ್, ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್, ಸೇವ್ಡ್ ಡೇಟಾ ಇನ್ ಸಿಸ್ಟಮ್ ಸ್ಟೋರೇಜ್, ಕಾಪಿ ಟು ಯುಎಸ್‌ಬಿ. ಬೇಕಾದ ಆಟಗಳಿಗೆ ಟಿಕ್ ಹಾಕಿ. ನಂತರ ಪಿಎಸ್5ನಲ್ಲಿ ಅದೇ ಅಕೌಂಟ್‌ನಿಂದ ಲಾಗಿನ್ ಆಗಿ. ಸೆಟ್ಟಿಂಗ್ಸ್‌ನ ಸೇವ್ಡ್ ಡೇಟಾದಲ್ಲಿ ಪಿಎಸ್4 ಅಂತ ಇರುವ ಸಾಲು ತೆರೆದು, ಯುಎಸ್‌ಬಿಯಿಂದ ಕಾಪಿ ಮಾಡಿ. ಅಕೌಂಟ್ ಬೇರೆಯಾದರೆ ನಡೆಯುವುದಿಲ್ಲ. ಪಿಎಸ್4 ಮಾರುವ ಮೊದಲೇ ಇದನ್ನು ಮುಗಿಸಿ.