ಮನೆಯ ಡೇಕೇರ್‌ಗೆ ಫೀ ಗೊತ್ತು ಮಾಡಿದ್ದು, ಆಮೇಲೆ ಏರಿಸಿದ್ದು

ಹಳೇ ಬಾಗಲಕೋಟೆಯ ಓಣಿಗಳಲ್ಲಿ ಕೂಸು ನೋಡಿಕೊಂಡಿದ್ದಕ್ಕೆ ಯಾರೂ ರೊಕ್ಕ ಕೊಟ್ಟವರಲ್ಲ, ಕೇಳಿದವರೂ ಅಲ್ಲ. ತಾಯಿ ಸಂತೆಗೆ ಹೋದರೆ ಪಕ್ಕದ ಮನೆಯ ಆಯಿ ಇದ್ದೇ ಇರುತ್ತಿದ್ದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ನಾವೆಲ್ಲ ಹೊಸದಾಗಿ ಕಟ್ಟಿದ ನವನಗರದ ಸೆಕ್ಟರ್‌ಗಳಿಗೆ ಬಂದೆವು. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಸೆಕ್ಟರ್ ಸೇರಿದರು. ಈಗ ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಮನೆಗಳೇ ಜಾಸ್ತಿ, ಅದಕ್ಕೇ ನನ್ನ ಡೇಕೇರ್ ನಡೆಯುತ್ತಿದೆ. ಆದರೆ "ಕೂಸು ನೋಡಾಕೂ ರೊಕ್ಕಾನಾ?" ಅನ್ನುವ ಸಂಕೋಚ ಹಾಗೇ ಉಳಿದಿದೆ. ಕೊಡುವವರಿಗೂ ಇದೆ, ಕೇಳುವ ನನಗೂ ಇದೆ. ಅದಕ್ಕೇ ಮೊದಲು ಲೆಕ್ಕದ ವಹಿ ಹಿಡಿದು ಕೂತೆ. ಬಾಯಿಂದ ಅಂಕಿ ಹೇಳಿದ್ದು ಆಮೇಲೆ.

ನನ್ನ ಮನೆಯಲ್ಲಿ ಎಂಟು ಮಕ್ಕಳಿಗೆ ಜಾಗ ಇದೆ. ನಾನು, ಜೊತೆಗೆ ಕೆಲಸಕ್ಕೆ ಒಬ್ಬಾಕೆ. ಆಗ ಆಕೆಯ ಪಗಾರ 7,000. ಹಾಲು, ಅನ್ನ-ಬ್ಯಾಳಿ, ಸಜ್ಜಕ, ಹಣ್ಣು ಸೇರಿ ಕೂಸಿಗೆ ತಿಂಗಳಿಗೆ 800, ಆರು ಮಕ್ಕಳಿಗೆ 4,800. ಗ್ಯಾಸ್, ಕರೆಂಟ್, ಫಿನಾಯಿಲ್, ಸಾಬೂನು, ಒಡೆದ ಆಟಿಕೆ ಎಲ್ಲ ಸೇರಿ 2,200. ಹಾಲ್ ನನ್ನದೇ ಆದರೂ ಅದಕ್ಕೆ 2,000 ಬಾಡಿಗೆ ಹಿಡಿದೆ. ನನ್ನ ಪಗಾರ 12,000. ಒಟ್ಟು 28,000.

ಇದನ್ನು ಎಂಟರಿಂದ ಭಾಗಿಸಲಿಲ್ಲ, ಆರರಿಂದ ಭಾಗಿಸಿದೆ. ಒಬ್ಬರಿಗೆ ವರ್ಗ ಆಗುತ್ತದೆ, ಇನ್ನೊಬ್ಬರ ಮನೆಗೆ ಅತ್ತೆ ಬಂದು ಇರುತ್ತಾರೆ. ಎಂಟೂ ಜಾಗ ತುಂಬಿರುವ ತಿಂಗಳು ಕಡಿಮೆ. ಆರರಿಂದ ಭಾಗಿಸಿದರೆ ಸುಮಾರು 4,670 ಬರುತ್ತದೆ. ಎರಡು ವರ್ಷ ದಾಟಿದ ಮಕ್ಕಳಿಗೆ 4,500, ಅದಕ್ಕಿಂತ ಚಿಕ್ಕವರಿಗೆ 5,000 ಎಂದು ಗೊತ್ತು ಮಾಡಿದೆ. ಚಿಕ್ಕವರಿಗೆ ಉಣಿಸಬೇಕು, ಮಲಗಿಸಬೇಕು, ದಿನಕ್ಕೆ ಹತ್ತು ಸಲ ಬಟ್ಟೆ ಬದಲಿಸಬೇಕು. ಅಂಥವರನ್ನು ಒಂದೇ ಸಲಕ್ಕೆ ಮೂವರಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಡೈಪರ್ ಮನೆಯಿಂದಲೇ ಬರಬೇಕು.

ಅರ್ಧ ದಿನಕ್ಕೆ ಅರ್ಧ ಫೀ ಕೊಡ್ತೀವಿ ಅನ್ನುವವರು ಇದ್ದಾರೆ. ಮಧ್ಯಾಹ್ನ 2 ಗಂಟೆಗೆ ಕೂಸು ಹೋದಮೇಲೆ ಆ ಜಾಗಕ್ಕೆ ಬೇರೆ ಕೂಸು ಸಿಗುವುದಿಲ್ಲ, ಅಲ್ವಾ? ಅರ್ಧ ದಿನಕ್ಕೆ 3,000 ಇಟ್ಟೆ.

ಎಲ್ಲಕ್ಕಿಂತ ಜಾಸ್ತಿ ಮಾತುಕತೆ ಆಗಿದ್ದು ಬೇಸಿಗೆ ಸೂಟಿ ಬಗ್ಗೆ. ನನ್ನ ಹತ್ತಿರ ಬರುವ ತಾಯಂದಿರಲ್ಲಿ ಟೀಚರ್‌ಗಳೇ ಹೆಚ್ಚು. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಅವರ ಮಕ್ಕಳು ಬರುವುದಿಲ್ಲ. "ಅಕ್ಕಾರ, ಕೂಸು ನಮ್ ಮನ್ಯಾಗ ಇರತೈತಿ, ಆ ತಿಂಗಳದ್ದು ಯಾಕ್ರಿ ಕೊಡಬೇಕು?" ಎಂದು ಒಬ್ಬರು ಕೇಳಿದರು. "ಟೀಚರ್, ಸೂಟಿಯಾಗ ನಿಮ್ ಪಗಾರ ನಿಲ್ಲತೈತೇನ್ರಿ?" ಎಂದೆ. ನಕ್ಕರು, ಆದರೆ ಸುಮ್ಮನೆ ಒಪ್ಪಲಿಲ್ಲ. ಜೂನ್‌ನಲ್ಲಿ ಜಾಗ ಗಟ್ಟಿಯಾಗಿ ಬೇಕಿದ್ದರೆ ಸೂಟಿಯಲ್ಲಿ ಅರ್ಧ ಫೀ, ಬೇಡವಾದರೆ ಏನೂ ಕೊಡಬೇಡಿ, ಆದರೆ ಜೂನ್‌ನಲ್ಲಿ ಹೊಸಬರ ಜೊತೆ ಸರದಿ ನಿಲ್ಲಬೇಕು ಎಂದು ಎರಡು ದಾರಿ ಕೊಟ್ಟೆ. ಹೆಚ್ಚಿನವರು ಅರ್ಧ ಕೊಟ್ಟರು. ನನಗೆ ಅದೇ ತಿಂಗಳಲ್ಲಿ ಖರ್ಚು ಜಾಸ್ತಿ. ಬಾಗಲಕೋಟೆಯ ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಮಕ್ಕಳನ್ನು ಮಲಗಿಸಲು ಆಗುವುದಿಲ್ಲ, ಗೃಹಜ್ಯೋತಿಯ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮ ಮೇಲೇ.

ಸಂಜೆ 6ರ ಮೇಲೆ ಅರ್ಧ ತಾಸಿಗೆ 50 ರೂಪಾಯಿ. ಈ ರೊಕ್ಕ ಪೂರ್ತಿ ನಮ್ಮ ಕೆಲಸದಾಕೆಗೆ ಹೋಗುತ್ತದೆ. ಆಕೆ ಹಳೇ ಊರಿಗೆ ಬಸ್ ಹಿಡಿಯಬೇಕು. ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ರೊಕ್ಕ ಇಲ್ಲ ನಿಜ, ಆದರೆ ಬಸ್ ಯಾರಿಗೂ ಕಾಯುವುದಿಲ್ಲ! ಆಕೆಯ ಹೆಸರಲ್ಲಿ ಕೇಳುವುದರಿಂದ ನನಗೂ ಕೇಳಲು ಸಂಕೋಚವಿಲ್ಲ.

"ಅಂಗನವಾಡಿ ಫ್ರೀ ಐತಲ್ಲ" ಎಂದವರೂ ಇದ್ದಾರೆ. ಐತಿ, ಒಳ್ಳೆಯದೇ. ಹಳ್ಳಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆ ಕೂಸಿನ ಮನೆಗಳೂ ಬಂದಿವೆ. ಆದರೆ ಒಂದು ವರ್ಷದ ಕೂಸನ್ನು ಸಂಜೆ 6ರವರೆಗೆ ಬಿಟ್ಟು ಬ್ಯಾಂಕಿಗೆ ಹೋಗುವವರಿಗೆ ಅಂಗನವಾಡಿಯ ಸಮಯ ಹೊಂದುವುದಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಕ್ರೆಶ್, ಅಂದರೆ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಸೌಲಭ್ಯ, ಕೊಡಬೇಕು ಅನ್ನುತ್ತದೆ ಕಾನೂನು. ನನ್ನ ಹತ್ತಿರ ಬರುವವರ ಬ್ಯಾಂಕ್ ಶಾಖೆಗಳಲ್ಲಿ ಅಷ್ಟು ಜನ ಎಲ್ಲಿದ್ದಾರೆ?

ಇನ್ನು ಏರಿಸುವ ವಿಷಯ. ಫೀ ಏರುವುದು ವರ್ಷಕ್ಕೆ ಒಮ್ಮೆ, ಜೂನ್ 1ಕ್ಕೆ. ಏಪ್ರಿಲ್ ಮೊದಲ ವಾರದಲ್ಲೇ ಒಂದು ಚೀಟಿ ಬರೆದು ಕೈಯಲ್ಲಿ ಕೊಡುತ್ತೇನೆ. ವಾಟ್ಸಾಪ್‌ನಲ್ಲಿ ಹಾಕಿದರೆ ಒಬ್ಬರು ಕೇಳಿದ ಪ್ರಶ್ನೆಗೆ ಉಳಿದವರೂ ದನಿಗೂಡಿಸುತ್ತಾರೆ. ಚೀಟಿಯಲ್ಲಿ ಹೊಸ ಫೀ, ಯಾವಾಗಿನಿಂದ, ಬೇಡವಾದರೆ ಯಾವಾಗ ತಿಳಿಸಬೇಕು, ಇಷ್ಟೇ. ಕಾರಣ ಬರೆಯುವುದಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ನಾನೂ ಆ ವರ್ಷ 300 ಏರಿಸಿದೆ. "ಹಾಲಿಗೆ ನಾಕ ರೂಪಾಯಿ ಏರಿದ್ರ ನೀವ್ ಮುನ್ನೂರು ಏರಸ್ತೀರೇನ್ರಿ?" ಎಂದು ಒಬ್ಬ ತಂದೆ ಕೇಳಿದರು. ಅವರ ಲೆಕ್ಕ ಸರಿಯೇ. ಕೂಸು ದಿನಕ್ಕೆ ಅರ್ಧ ಲೀಟರ್ ಕುಡಿದರೂ 26 ದಿನಕ್ಕೆ ಜಾಸ್ತಿ ಆಗುವುದು 52 ರೂಪಾಯಿ. ಉಳಿದದ್ದರಲ್ಲಿ ದೊಡ್ಡ ಪಾಲು ಕೆಲಸದಾಕೆಯ ಪಗಾರ. 1,000 ಏರಿಸಿದ್ದೆ, ಆರು ಮಕ್ಕಳ ಮೇಲೆ ಹಂಚಿದರೆ ತಲಾ 167. ಇನ್ನುಳಿದದ್ದು ನನ್ನ ಪಗಾರಕ್ಕೆ. ಇದನ್ನೆಲ್ಲ ಅವರ ಮುಂದೆ ಬಿಡಿಸಿಡಲಿಲ್ಲ. ಬಿಡಿಸಿಟ್ಟರೆ ಒಂದೊಂದು ಸಾಲಿಗೂ ಚೌಕಾಶಿ ನಡೆಯುತ್ತದೆ. "ಹಾಲೊಂದೇ ಅಲ್ರಿ, ಈ ವರ್ಷ ಇಷ್ಟು" ಎಂದೆ.

2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಪಗಾರ ಬಂತು. ಅವರಿಗಾದರೂ ಜಾಸ್ತಿ ಹಾಕು ಎಂದು ನಮ್ಮ ಮನೆಯವರೇ ಹೇಳಿದರು. ನಾನು ಹಾಕಲಿಲ್ಲ. ಖಾಸಗಿ ಆಸ್ಪತ್ರೆಯ ನರ್ಸ್ ಮಗಳೂ ತಾಲ್ಲೂಕು ಕಚೇರಿಯವರ ಮಗನೂ ಒಂದೇ ಚಾಪೆಯ ಮೇಲೆ ಮಲಗುತ್ತಾರೆ. ಸಂಜೆ ಗೇಟಿನ ಹತ್ತಿರ ತಾಯಂದಿರು ಮಾತಾಡಿಕೊಳ್ಳುತ್ತಾರೆ, ಎರಡು ದರ ಎರಡು ದಿನವೂ ಗುಟ್ಟಾಗಿ ಉಳಿಯುವುದಿಲ್ಲ. ಹಳಬರಿಗೆ ಹಳೇ ದರ, ಹೊಸಬರಿಗೆ ಹೊಸ ದರ ಅನ್ನುವುದೂ ಬೇಡವೆಂದದ್ದು ಇದಕ್ಕೇ. ಕೈ ಬಿಗಿ ಇರುವವರಿಗೆ ಎರಡು ಕಂತಿನಲ್ಲಿ ಕೊಡಿ ಅನ್ನುತ್ತೇನೆ. ಒಡಹುಟ್ಟಿದವರು ಇಬ್ಬರೂ ಬಂದರೆ ಎರಡನೆಯವರಿಗೆ 500 ಕಡಿಮೆ. ಬೀಗರ ಮನೆಯ ಕೂಸು ಬಂದರೂ ಪೂರ್ತಿ ಫೀ ತೆಗೆದುಕೊಳ್ಳುತ್ತೇನೆ. ದೀಪಾವಳಿಗೆ ಆ ಕೂಸಿಗೆ ಒಳ್ಳೇ ಅಂಗಿ ಕೊಡಿಸುತ್ತೇನೆ.

300 ಏರಿದಾಗ ಒಂದು ಮನೆಯವರು ಬಿಟ್ಟು ಹೋದರು. ಸರದಿಯಲ್ಲಿದ್ದವರನ್ನು ಕರೆದೆ, ಆ ಜಾಗ ಅದೇ ತಿಂಗಳು ತುಂಬಿತು. ಈಗ ಅರ್ಧ ದಿನದ ದರದ ಬಗ್ಗೆ ಯೋಚನೆ ನಡೆದಿದೆ. 2 ಗಂಟೆ ಅಂದವರು 3ಕ್ಕೆ ಬರುತ್ತಾರೆ, ಕೂಸು ನಿದ್ದೆಯಲ್ಲಿರುತ್ತದೆ, ಎಬ್ಬಿಸಿದರೆ ಉಳಿದವರೂ ಏಳುತ್ತಾರೆ. ಬರುವ ಏಪ್ರಿಲ್ ಚೀಟಿಯಲ್ಲಿ ಅದನ್ನು 3,500 ಮಾಡಿ, ಸಮಯ 3 ಗಂಟೆ ಎಂದು ಬರೆಯಬೇಕೆಂದಿದ್ದೇನೆ.